ಮರಳಿ ಬಂದದ್ದು ಹೆಸರೋ, ಗಾಡಿಯೋ?

‘ಮತ್ತೆ ಬರುತ್ತದಂತೆ’ ಎಂಬ ಮಾತಿಗೆ ಮನುಷ್ಯನ ನಿದ್ದೆಗೆಡಿಸುವ ಶಕ್ತಿಯಿದೆ. ಕೈಗೆ ಬಂದ ವಸ್ತುವಿಗಿಂತ, ಬರುವುದೋ ಇಲ್ಲವೋ ತಿಳಿಯದ ವಸ್ತುವೇ ಮನಸ್ಸನ್ನು ಹೆಚ್ಚು ಆಳುತ್ತದೆ. 2016ರ ಅಕ್ಟೋಬರಿನಲ್ಲಿ ಮಹೀಂದ್ರ ಸಮೂಹದ ಕ್ಲಾಸಿಕ್ ಲೆಜೆಂಡ್ಸ್ ಸಂಸ್ಥೆಗೆ ಜಾವಾ ಎಂಬ ಹೆಸರಿನಲ್ಲಿ ಮೋಟಾರ್ ಸೈಕಲ್ ತಯಾರಿಸುವ ಹಕ್ಕು ದೊರೆತ ಸುದ್ದಿ ಹೊರಬಿತ್ತು. ಅಲ್ಲಿಂದ ಎರಡು ವರ್ಷ ಕಾಲ ಕರ್ನಾಟಕದ ಹಳೆಯ ಗಾಡಿಪ್ರಿಯರ ನಡುವೆ ಅಂತೆಕಂತೆಗಳ ಸಂತೆಯೇ ನೆರೆಯಿತು. ಟ್ಯಾಂಕು ಅದೇ ಆಕಾರದ್ದಂತೆ, ಎರಡು ಸೈಲೆನ್ಸರ್ ಇರುತ್ತದಂತೆ, ಮೈಸೂರಿನಲ್ಲೇ ತಯಾರಾಗುತ್ತದಂತೆ. ಕೆಲವು ನಿಜವಾದವು, ಕೆಲವು ಆಗಲಿಲ್ಲ.

ಮೈಸೂರಿನ ಹೆಸರು ಇಲ್ಲಿ ಸುಮ್ಮನೆ ಬಂದದ್ದಲ್ಲ. 1960ರಲ್ಲಿ ಸ್ಥಾಪನೆಯಾದ ಐಡಿಯಲ್ ಜಾವಾ ಕಂಪನಿಯ ಕಾರ್ಖಾನೆ ಇದ್ದದ್ದು ಮೈಸೂರಿನ ಯಾದವಗಿರಿಯಲ್ಲಿ. ರುಸ್ತುಂ ಇರಾನಿ ಅವರು ಅದರ ಮುಖ್ಯ ರೂವಾರಿ. ಚೆಕೊಸ್ಲೊವಾಕಿಯದ ಜಾವಾ ಕಂಪನಿಯ ಪರವಾನಗಿಯ ಮೇಲೆ ಮೊದಲು ಅದೇ ಹೆಸರಿನಲ್ಲಿ, 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಇಲ್ಲಿಂದ ಗಾಡಿಗಳು ಹೊರಬಂದವು. 1978ರ ರೋಡ್‌ಕಿಂಗ್ ಅವುಗಳಲ್ಲಿ ಹೆಚ್ಚು ಪ್ರಸಿದ್ಧವಾದುದು. 250 ಸಿ.ಸಿ.ಯ ಟೂ ಸ್ಟ್ರೋಕ್ ಎಂಜಿನ್, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಪೆಟ್ರೋಲಿನೊಡನೆ ಎಣ್ಣೆ ಉರಿದು ಏಳುವ ನೀಲಿ ಹೊಗೆ, ಮೇಲಕ್ಕೆತ್ತಿದರೆ ಕಿಕ್ಕರ್ ಆಗಿಯೂ ಮುಂದಕ್ಕೆ ಬಾಗಿಸಿದರೆ ಗೇರಿನ ಕೋಲಾಗಿಯೂ ದುಡಿಯುತ್ತಿದ್ದ ಒಂದೇ ಸನ್ನೆ. ಅದನ್ನು ಬಳಸಲು ಹೊಸಬರಿಗೆ ಯಾರಾದರೂ ಹೇಳಿಕೊಡಲೇಬೇಕಿತ್ತು. ಹಾಗೆ ಹೇಳಿಕೊಟ್ಟ ತಂದೆ, ಸೋದರಮಾವ, ಅಣ್ಣಂದಿರ ನೆನಪು ಗಾಡಿಯ ನೆನಪಿನೊಳಗೆ ಸೇರಿಹೋಗಿದೆ. ಎಂಬತ್ತರ ದಶಕದಲ್ಲಿ ಕಡಿಮೆ ಪೆಟ್ರೋಲು ಕುಡಿಯುವ ಜಪಾನಿ ತಂತ್ರಜ್ಞಾನದ 100 ಸಿ.ಸಿ. ಗಾಡಿಗಳು ಬಂದವು, ಹೊಗೆಯ ನಿಯಮಗಳು ಬಿಗಿಯಾಗುತ್ತ ಹೋದವು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಹೊಸ ಜಾವಾ 2018ರ ನವೆಂಬರ್ 15ರಂದು ಬಿಡುಗಡೆಯಾಯಿತು, ಹೊಸ ಯೆಜ್ಡಿ 2022ರ ಜನವರಿ 13ರಂದು. ತಯಾರಿಕೆ ಮಧ್ಯಪ್ರದೇಶದ ಪೀಥಂಪುರದಲ್ಲಿ. ಎಂಜಿನ್ ಫೋರ್ ಸ್ಟ್ರೋಕ್, ಅದನ್ನು ತಣಿಸಲು ದ್ರವ. ಕಿಕ್ಕರ್ ಮಾಯವಾಗಿ ಗುಂಡಿ ಒತ್ತಿದರೆ ಸಾಕೆನ್ನುವ ವ್ಯವಸ್ಥೆ ಬಂದಿತ್ತು. ಕೊಳ್ಳುವವರ ಮುಗಿಬೀಳುವಿಕೆ ಎಷ್ಟಿತ್ತೆಂದರೆ ಬಿಡುಗಡೆಯಾದ ತಿಂಗಳೊಪ್ಪತ್ತಿನಲ್ಲೇ ಮುಂಗಡ ಕಾಯ್ದಿರಿಸುವಿಕೆಯನ್ನು ನಿಲ್ಲಿಸಬೇಕಾಯಿತು. ಅದೇ ಹೊತ್ತಿನಲ್ಲಿ ಹಳೆಯ ಗಾಡಿಗಳ ಒಡೆಯರಲ್ಲಿ ಹಲವರು ಮುಖ ಸಿಂಡರಿಸಿಕೊಂಡಿದ್ದರು. ‘ಸದ್ದು ಅದಲ್ಲ’ ಎಂಬುದು ಅವರ ಮೊದಲ ಆಕ್ಷೇಪ, ಬಹುಶಃ ಕೊನೆಯದೂ ಅದೇ.

ಈ ಜಗಳವನ್ನು ನಕ್ಕು ಬಿಟ್ಟುಬಿಡಬಹುದು. ಆದರೆ ಜೈನ ಆಚಾರ್ಯರು ಇದನ್ನು ಕೇಳಿದ್ದರೆ ನಗುತ್ತಿರಲಿಲ್ಲವೆಂದು ಧೈರ್ಯವಾಗಿ ಹೇಳಬಹುದು, ಏಕೆಂದರೆ ಇಂಥದೇ ಜಗಳವನ್ನು ಅವರು ತತ್ತ್ವದ ನಡುಮನೆಗೆ ಕರೆದು ಕೂರಿಸಿದ್ದಾರೆ. ಸಮಂತಭದ್ರಾಚಾರ್ಯರು ‘ಆಪ್ತಮೀಮಾಂಸೆ’ಯಲ್ಲಿ ಬಂಗಾರದ ಕೊಡವೊಂದರ ದೃಷ್ಟಾಂತ ಕೊಡುತ್ತಾರೆ. ಕೊಡವನ್ನು ಕರಗಿಸಿ ಕಿರೀಟ ಮಾಡಲಾಗುತ್ತದೆ. ಕೊಡವನ್ನು ಬಯಸಿದ್ದವನಿಗೆ ದುಃಖ, ಕಿರೀಟವನ್ನು ಬಯಸಿದ್ದವನಿಗೆ ಸಂತೋಷ, ಬಂಗಾರವನ್ನಷ್ಟೇ ಬಯಸಿದ್ದವನಿಗೆ ಎರಡೂ ಇಲ್ಲದ ಮಧ್ಯಸ್ಥಭಾವ. ಈ ಮೂರು ಮನಸ್ಸುಗಳಿಗೂ ಕಾರಣವಿದೆ. ಕೊಡದ ಪರ್ಯಾಯ ಅಳಿದದ್ದು ನಿಜ, ಕಿರೀಟದ ಪರ್ಯಾಯ ಹುಟ್ಟಿದ್ದು ನಿಜ, ಬಂಗಾರವೆಂಬ ದ್ರವ್ಯ ಉಳಿದದ್ದೂ ನಿಜ. ಉತ್ಪಾದ, ವ್ಯಯ, ಧ್ರೌವ್ಯ ಎಂಬ ಮೂರು ಒಂದೇ ವಸ್ತುವಿನಲ್ಲಿ ಒಂದೇ ಕ್ಷಣದಲ್ಲಿ ಇವೆ ಎಂಬ ಕಠಿಣ ಸಿದ್ಧಾಂತವನ್ನು ಆಚಾರ್ಯರು ತರ್ಕದಿಂದಷ್ಟೇ ಅಲ್ಲ, ಮೂವರ ಮುಖಭಾವದಿಂದಲೂ ತೋರಿಸುತ್ತಾರೆ. ಅಳುವವನು ಹುಚ್ಚನಲ್ಲ, ನಗುವವನೂ ಅಲ್ಲ.

ಈ ದೃಷ್ಟಾಂತವನ್ನು ಕೋಲಾರದ ಸೀಮೆಗೆ ತಂದು ನೋಡಬಹುದು. ಮುಳಬಾಗಿಲು ತಾಲ್ಲೂಕಿನ ಬೈರಕೂರು ಆಂಧ್ರದ ಗಡಿಗೆ ಹತ್ತಿರದ ಊರು. ಕನ್ನಡದೊಡನೆ ತೆಲುಗೂ ಕಿವಿಗೆ ಬೀಳುವ ನೆಲ. ಅಲ್ಲಿ ಒಂದು ರೈತರ ಮನೆ ಇದೆಯೆಂದು ಭಾವಿಸೋಣ. ಯಜಮಾನ ತೀರಿಕೊಂಡು ಕೆಲವು ವರ್ಷಗಳಾಗಿವೆ. ಅವನು ಹಾಲಿನ ಕ್ಯಾನನ್ನೂ ರೇಷ್ಮೆಗೂಡಿನ ಚೀಲವನ್ನೂ ಕಟ್ಟಿಕೊಂಡು ಓಡಾಡಿದ ರೋಡ್‌ಕಿಂಗ್ ಕೊಟ್ಟಿಗೆಯ ಮೂಲೆಯಲ್ಲಿ ಗೋಣಿತಾಟು ಹೊದ್ದು ನಿಂತಿದೆ. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ದೊಡ್ಡ ಮಗ ಹೊಸ ಯೆಜ್ಡಿ ಕೊಳ್ಳಬೇಕೆಂದಿದ್ದಾನೆ. ‘ಅಪ್ಪನ ಗಾಡಿಯೇ ಮತ್ತೆ ಬಂದಿದೆ, ಈ ತುಕ್ಕನ್ನು ಗುಜರಿಗೆ ಹಾಕೋಣ, ಜಾಗವಾದರೂ ಆಗುತ್ತದೆ’ ಎನ್ನುತ್ತಾನೆ. ಊರಿನಲ್ಲಿ ಹೊಲ ನೋಡಿಕೊಂಡಿರುವ ಚಿಕ್ಕವನು ಒಪ್ಪುವುದಿಲ್ಲ. ‘ಅಣ್ಣ, ಬಂದಿರುವುದು ಹೆಸರು ಮಾತ್ರ. ಅಪ್ಪನ ಗಾಡಿ ಇಲ್ಲೇ ಇದೆ, ನಾನು ರಿಪೇರಿ ಮಾಡಿಸುತ್ತೇನೆ’ ಎಂಬುದು ಅವನ ಮಾತು. ಮಾತಿಗೆ ಮಾತು ಬೆಳೆದು ಅಣ್ಣತಮ್ಮಂದಿರು ಒಂದು ತಿಂಗಳಿಂದ ಫೋನಿನಲ್ಲೂ ಮಾತಾಡಿಲ್ಲ. ನಡುವೆ ತಾಯಿ.

ಇಬ್ಬರಲ್ಲಿ ಯಾರ ಮಾತು ನಿಜ? ‘ತತ್ತ್ವಾರ್ಥಸೂತ್ರ’ದ ಮೊದಲ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಹೇಳುವ ನಿಕ್ಷೇಪದ ವಿಚಾರ ಇಲ್ಲಿ ನೆರವಿಗೆ ಬರುತ್ತದೆ. ನಿಕ್ಷೇಪವೆಂದರೆ ಒಂದು ಪದವನ್ನು ಯಾವ ಅರ್ಥದಲ್ಲಿ ಇಟ್ಟಿದ್ದೇವೆ ಎಂಬುದರ ವಿಂಗಡಣೆ. ಅದು ನಾಲ್ಕು ಬಗೆ: ನಾಮ, ಸ್ಥಾಪನೆ, ದ್ರವ್ಯ, ಭಾವ. ಬಡವನೊಬ್ಬ ಮಗನಿಗೆ ರಾಜ ಎಂದು ಹೆಸರಿಟ್ಟರೆ ಅದು ನಾಮ. ರಾಜನ ವಿಗ್ರಹವನ್ನು ರಾಜ ಎಂದರೆ ಸ್ಥಾಪನೆ. ಹಿಂದೆ ಆಳಿದವನನ್ನು, ಇಲ್ಲವೇ ಮುಂದೆ ಆಳಲಿರುವ ಯುವರಾಜನನ್ನು ರಾಜ ಎಂದರೆ ದ್ರವ್ಯ. ಇಂದು ಸಿಂಹಾಸನದಲ್ಲಿ ಕುಳಿತು ಆಳುತ್ತಿರುವವನು ಭಾವನಿಕ್ಷೇಪದಿಂದ ರಾಜ. ನಾಲ್ಕು ಕಡೆಯೂ ಪದ ಒಂದೇ. ಇಟ್ಟ ಜಾಗ ಬೇರೆ. ಪ್ರಸ್ತುತವಲ್ಲದ ಅರ್ಥವನ್ನು ದೂರವಿಟ್ಟು ಪ್ರಸ್ತುತವಾದುದನ್ನು ಬೆಳಗುವುದಕ್ಕಾಗಿಯೇ ನಿಕ್ಷೇಪವೆಂದು ಪೂಜ್ಯಪಾದರ ‘ಸರ್ವಾರ್ಥಸಿದ್ಧಿ’ ವಿವರಿಸುತ್ತದೆ.

ಈಗ ಕೊಟ್ಟಿಗೆಗೆ ಬರೋಣ. ಅಂಗಡಿಯ ಗಾಜಿನ ಹಿಂದೆ ಹೊಳೆಯುವ ಹೊಸ ಗಾಡಿ ನಾಮದಿಂದ ಯೆಜ್ಡಿ. ಅಲ್ಲಲ್ಲಿ ಹಳೆಯ ರೂಪವನ್ನು ನೆನಪಿಸುವಷ್ಟರ ಮಟ್ಟಿಗೆ ಸ್ಥಾಪನೆಯಿಂದಲೂ ಹೌದು. ಕೊಟ್ಟಿಗೆಯಲ್ಲಿ ನಿಂತದ್ದು ದ್ರವ್ಯದಿಂದ ಯೆಜ್ಡಿ: ಒಮ್ಮೆ ಓಡಿತ್ತು, ರಿಪೇರಿಯಾದರೆ ಮುಂದೆ ಓಡೀತು, ಇಂದು ಓಡುತ್ತಿಲ್ಲ. ಹಾಗಾದರೆ ಭಾವದಿಂದ ಯೆಜ್ಡಿ ಯಾವುದು? ತಂದೆ ಬೆಳಗಿನ ಚಳಿಯಲ್ಲಿ ಒದ್ದು ಶುರುಮಾಡಿ, ಚಿಕ್ಕವನನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು, ದೊಡ್ಡವನನ್ನು ಹಿಂದೆ ಹತ್ತಿಸಿಕೊಂಡು ಶಾಲೆಗೆ ಬಿಟ್ಟ ಗಾಡಿ ಅದು. ಅದು ಅಂಗಡಿಯಲ್ಲೂ ಇಲ್ಲ, ಕೊಟ್ಟಿಗೆಯಲ್ಲೂ ಇಲ್ಲ. ಅಣ್ಣತಮ್ಮಂದಿರಿಬ್ಬರೂ ಬೇಡುತ್ತಿರುವುದು ಅದನ್ನೇ. ಒಬ್ಬ ನಾಮದಲ್ಲಿ ಅದನ್ನು ಹುಡುಕುತ್ತಾನೆ, ಇನ್ನೊಬ್ಬ ದ್ರವ್ಯದಲ್ಲಿ.

ಹೆಸರಿಗೆ ಎಷ್ಟು ಬೆಲೆಯಿದೆ ಎಂಬುದಕ್ಕೆ ಇದೇ ಯೆಜ್ಡಿ ಸಾಕ್ಷಿ. ಕಾರ್ಖಾನೆ ಮುಚ್ಚಿ ವರ್ಷಗಳುರುಳಿದ ಮೇಲೆ ಈ ಹೆಸರಿನ ಒಡೆತನ ಯಾರದೆಂಬ ವ್ಯಾಜ್ಯ ಕರ್ನಾಟಕ ಹೈಕೋರ್ಟಿನ ಮೆಟ್ಟಿಲೇರಿತು. ಯಂತ್ರಗಳು ನಿಂತಿದ್ದವು, ಕಾರ್ಮಿಕರು ಮನೆಗೆ ಹೋಗಿದ್ದರು, ಗಾಡಿಗಳು ತಯಾರಾಗುತ್ತಿರಲಿಲ್ಲ. ಆದರೂ ಹಿರಿಯ ವಕೀಲರು ವಾದಿಸುವಷ್ಟು ಆಸ್ತಿಯಾಗಿ ಅಕ್ಷರಗಳೆರಡು ಉಳಿದಿದ್ದವು. ನಾಮನಿಕ್ಷೇಪಕ್ಕೆ ಇದಕ್ಕಿಂತ ಚೊಕ್ಕದಾದ ಉದಾಹರಣೆ ಪಾಠ ಹೇಳುವವರಿಗೂ ಸಿಗಲಾರದು.

ಹಾಗೆಂದು ಸ್ಥಾಪನೆಯನ್ನು ಹಗುರವಾಗಿ ಕಾಣುವ ಹಕ್ಕು ಜೈನರಿಗಂತೂ ಇಲ್ಲ. ಗಂಗರ ಮೊದಲ ನೆಲೆ ಇದೇ ಕೋಲಾರ, ಅಂದಿನ ಕುವಳಾಲಪುರ. ಆ ಗಂಗರ ಮಂತ್ರಿ ಚಾವುಂಡರಾಯ ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಶ್ರವಣಬೆಳಗೊಳದ ಬೆಟ್ಟದ ಮೇಲೆ ಬಾಹುಬಲಿಯನ್ನು ನಿಲ್ಲಿಸಿದ. ಆ ಕಲ್ಲು ಸ್ಥಾಪನೆಯಿಂದ ಬಾಹುಬಲಿ, ಭಾವದಿಂದಲ್ಲ. ಬಾಹುಬಲಿ ಸ್ವಾಮಿಯ ಆತ್ಮ ಸಿದ್ಧಶಿಲೆಯಲ್ಲಿದೆ. ಇದು ಮೆಟ್ಟಿಲು ಹತ್ತಿ ಬಂದ ಶ್ರಾವಕನಿಗೂ ಗೊತ್ತು. ಗೊತ್ತಿದ್ದೂ ಅವನು ಕೈಮುಗಿಯುತ್ತಾನೆ, ಮುಗಿದ ಕೈಯಲ್ಲಿ ಸುಳ್ಳಿಲ್ಲ. ಆಕಾರ ನೆನಪನ್ನು ಕರೆಯುತ್ತದೆ, ನೆನಪು ಪರಿಣಾಮವನ್ನು ತಿದ್ದುತ್ತದೆ. ಅಷ್ಟು ಕೆಲಸ ಸ್ಥಾಪನೆಯದು. ಭಾವದ ಫಲವನ್ನು ಸ್ಥಾಪನೆಯಿಂದ ವಸೂಲು ಮಾಡಲು ಹೊರಟಾಗ ಮಾತ್ರ ನಿರಾಸೆ ಕಾದಿರುತ್ತದೆ. ಪಾಪ, ಹೊಸ ಗಾಡಿಯ ಮೇಲೆ ಕೆಲವರು ಹೊರಿಸಿದ್ದು ಈ ಭಾರವನ್ನೇ. ಇಪ್ಪತ್ತೆರಡು ವರ್ಷದ ಹಿಂದೆ ಕಳೆದುಹೋದ ತಮ್ಮ ವಯಸ್ಸನ್ನು ಅದು ಸೀಟಿನ ಮೇಲಿಟ್ಟುಕೊಂಡು ಬರಬೇಕಿತ್ತು.

‘ಸದ್ದು ಅದಲ್ಲ’ ಎಂಬ ದೂರಿಗೂ ಶಾಸ್ತ್ರದಲ್ಲಿ ಒಂದು ಕುತೂಹಲದ ನೆಲೆಯಿದೆ. ವೈಶೇಷಿಕರು ಶಬ್ದವನ್ನು ಆಕಾಶದ ಗುಣವೆಂದರು. ಜೈನರು ಒಪ್ಪಲಿಲ್ಲ. ಶಬ್ದವು ಪುದ್ಗಲದ ಪರ್ಯಾಯ, ಅಂದರೆ ಜಡವಸ್ತುವಿನ ಒಂದು ಅವಸ್ಥೆ ಎಂಬುದು ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದ ನಿಲುವು. ಹುಟ್ಟಿ ಅಳಿಯುವುದೇ ಪರ್ಯಾಯದ ಸ್ವಭಾವ. ರೋಡ್‌ಕಿಂಗಿನ ಲಯಬದ್ಧ ಗುಡುಗು ಅದು ಹುಟ್ಟಿದ ಗಳಿಗೆಯಲ್ಲೇ ಅಳಿಯುತ್ತಿತ್ತು. ಯಾದವಗಿರಿಯ ಕಾರ್ಖಾನೆ ನಡೆಯುತ್ತಿದ್ದ ದಿನಗಳಲ್ಲೂ ಅದನ್ನು ಯಾರೂ ಹಿಡಿದಿಟ್ಟಿರಲಿಲ್ಲ. ಉಳಿದದ್ದು ಕಿವಿಯೆಂಬ ಇಂದ್ರಿಯದ ಮೂಲಕ ಬಂದು ಒಳಗೆ ಬೇರುಬಿಟ್ಟ ರತಿ. ನೀಲಿ ಹೊಗೆಯ ವಾಸನೆಯ ಕತೆಯೂ ಇದೇ. ಇನ್ನೊಂದು ಮಾತನ್ನೂ ಮರೆಮಾಚದೆ ಹೇಳಬೇಕು. ಗಾಳಿಯಲ್ಲೂ ಏಕೇಂದ್ರಿಯ ಜೀವಗಳಿವೆ ಎಂದು ನಂಬಿದ ಧರ್ಮಕ್ಕೆ ಎಣ್ಣೆ ಉರಿದ ಹೊಗೆ ಸುವಾಸನೆಯಾಗಲಾರದು. ಸುಟ್ಟ ಎಣ್ಣೆಯ ಕಂಪನ್ನು ಹಂಬಲಿಸಿ ಹೊಸ ಎಂಜಿನ್ನನ್ನು ಜರೆಯುವವರು ಈ ಒಂದು ವಿಷಯದಲ್ಲಾದರೂ ಹೊಸದಕ್ಕೆ ನ್ಯಾಯ ಕೊಡಬೇಕು.

ಮೈಸೂರಿನ ಗಾಡಿಗೆ ಮಾತ್ರ ಸೀಮಿತವಾದ ವಿಚಾರ ಇದಲ್ಲ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ದ್ವಿಚಕ್ರ ವಾಹನ ತಯಾರಿಸುವ ಹೋಂಡಾ ಸಮೂಹ ಜಪಾನಿನಲ್ಲಿ 1978ರಿಂದ 2001ರವರೆಗೆ ಪ್ರೆಲ್ಯೂಡ್ ಎಂಬ ಎರಡು ಬಾಗಿಲಿನ ಕ್ರೀಡಾ ಕಾರನ್ನು ಮಾಡುತ್ತಿತ್ತು. ಅದು ಮರಳಿ ಬರುತ್ತದಂತೆ ಎಂಬ ಮಾತು ಬಹುಕಾಲ ಸುಳಿದಾಡಿ, 2023ರಲ್ಲಿ ಟೋಕಿಯೊ ಪ್ರದರ್ಶನದಲ್ಲಿ ಮಾದರಿಯೊಂದು ಕಾಣಿಸಿತು, 2025ರಲ್ಲಿ ಕಾರು ಜಪಾನಿನ ಮಾರುಕಟ್ಟೆಗೆ ಬಂತು. ಪೆಟ್ರೋಲು ಮತ್ತು ವಿದ್ಯುತ್ ಎರಡನ್ನೂ ಬಳಸುವ ಹೈಬ್ರಿಡ್ ಕಾರು ಅದು. ಕ್ಲಚ್ ತುಳಿದು ಕೈಯಿಂದ ಗೇರು ಬದಲಿಸುವ ಅನುಕೂಲ ಇಲ್ಲ. ಹಳೆಯ ಅಭಿಮಾನಿಗಳು ಅಲ್ಲೂ ಎರಡಾದರು. ಮೈಸೂರಿನವರಿಗೆ ಕಿಕ್ಕರ್ ಇಲ್ಲದ್ದೇ ಕೊರತೆ, ಅವರಿಗೆ ಕ್ಲಚ್ ಇಲ್ಲದ್ದು. ಕೊಡ ಬೇಡಿದವನ ದುಃಖಕ್ಕೆ ದೇಶಭಾಷೆಗಳ ಗಡಿಯಿಲ್ಲ.

ಈ ದುಃಖವನ್ನು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯ ಆರ್ತಧ್ಯಾನದ ಸಾಲಿಗೆ ಸೇರಿಸುತ್ತದೆ. ಪ್ರಿಯವಾದುದು ದೂರವಾಯಿತೆಂದು ಮತ್ತೆ ಮತ್ತೆ ಅದನ್ನೇ ನೆನೆಯುವುದು ಇಷ್ಟವಿಯೋಗಜ. ಒಲ್ಲದ್ದು ಎದುರಾಯಿತೆಂದು ಕುದಿಯುವುದು ಅನಿಷ್ಟಸಂಯೋಗಜ. ನೋವಿನ ಕೊರಗು ಮೂರನೆಯದು. ಮುಂದೆ ಇಂಥದು ದೊರೆಯಲಿ ಎಂದು ಮನಸ್ಸನ್ನು ಅಡವಿಡುವುದು ನಿದಾನ. ಗಾಡಿಯ ಸುದ್ದಿ ಬಂದ ಎರಡು ವರ್ಷಗಳಲ್ಲಿ ಮೂರನೆಯದೊಂದನ್ನು ಬಿಟ್ಟು ಉಳಿದವೆಲ್ಲ ಸರದಿಯಂತೆ ಬಂದುಹೋದವು. ಬಿಡುಗಡೆಗೆ ಮುಂಚೆ ನಿದಾನ, ಬಿಡುಗಡೆಯಾದ ದಿನ ಅನಿಷ್ಟಸಂಯೋಗ, ಮಾರನೆಯ ದಿನದಿಂದ ಮತ್ತೆ ಇಷ್ಟವಿಯೋಗ. ಧ್ಯಾನವೆಂದರೆ ಕಣ್ಣುಮುಚ್ಚಿ ಕೂರುವುದಷ್ಟೇ ಎಂದು ತಿಳಿದವರಿಗೆ ಇದು ಅಚ್ಚರಿ ತರಬಹುದು. ಮನಸ್ಸು ಒಂದೆಡೆ ನಾಟಿ ನಿಂತರೆ ಅದು ಧ್ಯಾನವೇ. ಎಲ್ಲಿ ನಾಟಿದೆ ಎಂಬುದಷ್ಟೇ ಪ್ರಶ್ನೆ. ಸಾಮಾಯಿಕಕ್ಕೆ ಕೂತು ಎರಡು ಗಳಿಗೆ ನಿಲ್ಲದ ಮನಸ್ಸು ಸೈಲೆನ್ಸರಿನ ಹೊಳಪಿನ ಮೇಲೆ ಎರಡು ವರ್ಷ ನಿಂತಿತು.

ಹೊರಗಿನ ಪರಿಗ್ರಹವನ್ನು ಹತ್ತು ಬಗೆಯೆಂದು ಎಣಿಸುವಾಗ ಪ್ರಾಚೀನ ಆಚಾರ್ಯರು ಹೊಲ, ಮನೆ, ಧನ, ಧಾನ್ಯಗಳೊಡನೆ ಯಾನವನ್ನೂ ಸೇರಿಸಿದ್ದಾರೆ. ಗಾಡಿಯ ಮೋಹ ಇಂದಿನದಲ್ಲ. ಆದರೆ ಒಳಗಿನ ಪರಿಗ್ರಹದ ಪಟ್ಟಿ ಇದಕ್ಕಿಂತ ಉದ್ದ, ಅದರಲ್ಲಿ ಹದಿನಾಲ್ಕು ಹೆಸರುಗಳಿವೆ. ಕ್ರೋಧ, ಮಾನ, ಮಾಯೆ, ಲೋಭಗಳು ಎಲ್ಲರಿಗೂ ಪರಿಚಿತ. ಅವುಗಳ ಬಳಿ ಹಾಸ್ಯ, ರತಿ, ಅರತಿ, ಶೋಕಗಳೂ ಕುಳಿತಿವೆ. ಹೊಸದನ್ನು ಕೊಂಡವನನ್ನು ಹಳಬರು ಗೇಲಿ ಮಾಡಿದ್ದು, ಹಳೆಯದಕ್ಕೆ ಅಂಟಿಕೊಂಡವರನ್ನು ಹೊಸಬರು ಗೇಲಿ ಮಾಡಿದ್ದು, ಇವೆಲ್ಲ ಆ ಲೆಕ್ಕಕ್ಕೇ ಬರುತ್ತವೆ. ಪರಿಗ್ರಹವನ್ನು ಅಳೆಯುವ ಕೋಲು ವಸ್ತುವಲ್ಲ, ವಸ್ತುವಿನ ಬಗೆಗಿನ ಮೂರ್ಛೆ ಎಂದು ಸೂತ್ರಕಾರರು ನಿರ್ಣಯಿಸಿದ್ದಾರೆ. ಈ ಕೋಲು ಹಿಡಿದರೆ ಒಂದೂ ಗಾಡಿಯಿಲ್ಲದವನು ಹತ್ತು ಗಾಡಿಯ ಪರಿಗ್ರಹಿಯಾಗಬಹುದು. ನಿಂತ ಗಾಡಿಯೊಂದು ಇಬ್ಬರು ಅಣ್ಣತಮ್ಮಂದಿರನ್ನು ಬೇರೆ ಬೇರೆ ದಿಕ್ಕಿಗೆ ಒಯ್ಯಬಹುದು. ಬೈರಕೂರಿನ ಆ ಮನೆಯಲ್ಲಿ ಮಾನಕಷಾಯದ ಪಾಲೂ ಸಣ್ಣದಲ್ಲ. ಅಪ್ಪನನ್ನು ಹೆಚ್ಚು ಪ್ರೀತಿಸಿದವನು ಯಾರು ಎಂಬುದೇ ಗಾಡಿಯ ನೆಪದಲ್ಲಿ ನಡೆದ ವ್ಯಾಜ್ಯ.

ಗೃಹಸ್ಥನು ಎಲ್ಲವನ್ನೂ ತೊರೆಯಬೇಕೆಂದು ಆಚಾರ್ಯರು ಕೇಳಲಿಲ್ಲ. ಮುನಿಗಳ ವ್ರತ ಬೇರೆ, ಶ್ರಾವಕನ ವ್ರತ ಬೇರೆ. ಶ್ರಾವಕನಿಗೆ ಹೇಳಿದ್ದು ಪರಿಮಾಣ. ಮತ್ತೆ ಮತ್ತೆ ಬಳಸುವ ವಸ್ತುಗಳಲ್ಲಿ ಯಾನವಾಹನಗಳನ್ನು ಹೆಸರಿಸಿ, ಇವುಗಳಲ್ಲಿ ಇಷ್ಟು ನನಗೆ ಬೇಕು, ಉಳಿದುದು ಬೇಡ ಎಂದು ತಾನೇ ಗೆರೆ ಎಳೆದುಕೊಳ್ಳುವ ಕ್ರಮವನ್ನು ಪೂಜ್ಯಪಾದರು ವಿವರಿಸುತ್ತಾರೆ. ಗೆರೆ ಎಲ್ಲಿರಬೇಕೆಂದು ಹೊರಗಿನವರು ಹೇಳುವುದಿಲ್ಲ. ಒಂದು ಗಾಡಿಯೆಂದು ನಿಶ್ಚಯಿಸಿದ ಮನೆಯಲ್ಲಿ ಅದು ಹಳೆಯದೂ ಆಗಬಹುದು, ಹೊಸದೂ ಆಗಬಹುದು. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನವೆಂದು ಹಳೆಯ ಗಾಡಿಗಳನ್ನು ತೊಳೆದು ಸಾಲಾಗಿ ನಿಲ್ಲಿಸುವವರಲ್ಲಿ ಹಲವರು ಹಳೆಯದನ್ನೇ ಕಾಪಾಡಿಕೊಂಡು, ಇನ್ನೊಂದನ್ನು ಕೊಳ್ಳದೆ ಬದುಕಿದವರು. ಅವರ ಒಲವಿನಲ್ಲಿ ರತಿ ಇದ್ದೀತು, ಆದರೆ ಮುರಿದದ್ದನ್ನು ಬಿಸುಡದೆ ಸರಿಪಡಿಸಿಕೊಳ್ಳುವ ತಾಳ್ಮೆಯೂ ಇದೆ. ಅನೇಕಾಂತವನ್ನು ಕಲಿತ ಕಣ್ಣಿಗೆ ಎರಡೂ ಕಾಣಬೇಕು.

ಮೂರನೆಯವಳು, ಬಂಗಾರವನ್ನಷ್ಟೇ ಬಯಸಿದವಳು, ತಾಯಿ. ದೀಪಾವಳಿಗೆ ದೊಡ್ಡವನು ಊರಿಗೆ ಬಂದಾಗ ಇಬ್ಬರೂ ಅವಳೆದುರು ತಮ್ಮ ವಾದ ಮಂಡಿಸುತ್ತಾರೆ. ‘ಅಮ್ಮ, ನೀನೇ ಹೇಳು, ಯಾವುದು ಅಪ್ಪನ ಗಾಡಿ?’

‘ನಿಮ್ಮಪ್ಪನಿಗೂ ಅದು ಎರಡನೇ ಕೈಯದು ಕಣಪ್ಪ’ ಎನ್ನುತ್ತಾಳೆ ತಾಯಿ. ‘ಅವರಿಗಿಂತ ಮುಂಚೆ ಯಾರದೋ ಆಗಿತ್ತು. ರಾತ್ರಿ ಹೊತ್ತು ಆಸ್ಪತ್ರೆಗೆ ಹೋಗಬೇಕಾದರೆ ಯಾವುದು ಸ್ಟಾರ್ಟ್ ಆಗುತ್ತೋ ಅದು ಮನೆಯಲ್ಲಿರಲಿ. ಮಿಕ್ಕಿದ್ದು ನಿಮಗೆ ಬಿಟ್ಟದ್ದು.’

ಉತ್ತರ ಸಿಗದೆ ಇಬ್ಬರೂ ಕೊಟ್ಟಿಗೆಗೆ ಹೋಗಿ ಗೋಣಿತಾಟನ್ನು ಎತ್ತುತ್ತಾರೆ. ಹ್ಯಾಂಡಲಿಗೂ ಟ್ಯಾಂಕಿಗೂ ನಡುವೆ ಹುಲ್ಲು, ನೂಲಿನ ಚೂರು, ಅದರೊಳಗೆ ಕಣ್ಣು ಬಿಡದ ಮೂರು ಗುಬ್ಬಿಮರಿಗಳು. ವಸ್ತುವನ್ನು ಎತ್ತುವಾಗ, ಇಡುವಾಗ ಜೀವಗಳಿವೆಯೇ ಎಂದು ನೋಡಿ ಎತ್ತುವ, ನೋಡಿ ಇಡುವ ಎಚ್ಚರವನ್ನು ಆದಾನನಿಕ್ಷೇಪಣ ಸಮಿತಿ ಎನ್ನುತ್ತಾರೆ. ಅರ್ಥವನ್ನು ಇಡುವುದಕ್ಕೂ ವಸ್ತುವನ್ನು ಇಡುವುದಕ್ಕೂ ಶಾಸ್ತ್ರದಲ್ಲಿ ಹೆಚ್ಚುಕಡಿಮೆ ಒಂದೇ ಪದ. ದೊಡ್ಡವನು ಗೋಣಿತಾಟನ್ನು ಮೆಲ್ಲಗೆ ಮೊದಲಿನಂತೆಯೇ ಹೊದಿಸುತ್ತಾನೆ. ಗುಜರಿಯವನಿಗೂ ಮೆಕ್ಯಾನಿಕ್ಕಿಗೂ ಇನ್ನೆರಡು ವಾರ ಬರಬೇಡವೆಂದು ಫೋನು ಮಾಡುವ ಕೆಲಸ ಚಿಕ್ಕವನದು.